ಸರ್ ಥಾಮಸ್ ಮನ್ರೋ: ಸಜ್ಜನ ಅಧಿಕಾರಿಯೂ ಪರಕೀಯ ಪ್ರಭುತ್ವವೂ

ಬ್ರಿಟಿಷರ ಸಾಮ್ರಾಜ್ಯವು ತೋಪಿನ ಬಲದಿಂದಲೂ ಕುಟಿಲನೀತಿಯಿಂದಲೂ ಬೆಳೆಯಿತೆಂದು ಹೇಳುವುದು ವಾಡಿಕೆಯಾಗಿದೆ. ಇದು ಸುಳ್ಳಲ್ಲವಾದರೂ ಪೂರ್ಣಸತ್ಯವೂ ಅಲ್ಲ. ತೋಪು ಕೋಟೆಯನ್ನು ಗೆಲ್ಲಬಹುದು. ಹಳ್ಳಿಯ ಕಂದಾಯವನ್ನು ವರ್ಷವರ್ಷವೂ ಬೊಕ್ಕಸಕ್ಕೆ ತರುವುದು ಅದರಿಂದಾಗದು. ಆ ಕಾರ್ಯಕ್ಕೆ ದೇಶಭಾಷೆ ಬಲ್ಲ, ಹೊಲದ ಎಲ್ಲೆಯನ್ನರಿತ, ರಯತನ ಮಾತನ್ನು ತಾಳ್ಮೆಯಿಂದ ಕೇಳುವ ಅಧಿಕಾರಿಗಳು ಬೇಕಾಗಿದ್ದರು. ಅಂಥವರಲ್ಲಿ ಅಗ್ರಗಣ್ಯನಾದ ಸರ್ ಥಾಮಸ್ ಮನ್ರೋನ ಚರಿತ್ರೆಯು ಕನ್ನಡ ನಾಡಿಗೆ ನೇರವಾಗಿ ಸಂಬಂಧಿಸಿದುದಾದ್ದರಿಂದ, ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದನು. ತಂದೆಯು ಅಮೆರಿಕದೊಡನೆ ತಂಬಾಕಿನ ವ್ಯಾಪಾರ ಮಾಡುತ್ತಿದ್ದ ವರ್ತಕನು. ಅಮೆರಿಕದ ವಸಾಹತುಗಳು ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತಾಗ ಆ ವ್ಯಾಪಾರವು ಮುರಿದುಬಿದ್ದು ಮನೆತನವು ದಿವಾಳಿಯಾಯಿತು. ಹೀಗೆ ಒಂದು ಖಂಡದಲ್ಲಿ ಆಂಗ್ಲರು ಕಳೆದುಕೊಂಡ ರಾಜ್ಯವೇ ಈ ತರುಣನನ್ನು ಇನ್ನೊಂದು ಖಂಡಕ್ಕೆ ಅಟ್ಟಿತು. 1780ರಲ್ಲಿ ಆತನು ಸಾಮಾನ್ಯ ಕೆಡೆಟ್ಟನಾಗಿ ಮದ್ರಾಸಿನಲ್ಲಿಳಿದನು. ಅದೇ ವರ್ಷ ಹೈದರಾಲಿಯ ಸೈನ್ಯವು ಪೊಳ್ಳಿಲೂರಿನಲ್ಲಿ ಕುಂಪಣಿಯ ದಂಡನ್ನು ಧೂಳೀಪಟ ಮಾಡಿತು. ಮೈಸೂರಿನ ಪರಾಕ್ರಮವನ್ನು ಯೌವನದಲ್ಲಿಯೇ ಕಂಡ ಮನ್ರೋ ಅದನ್ನೆಂದೂ ಹಗುರಾಗಿ ಎಣಿಸಲಿಲ್ಲ.

1792ರ ಶ್ರೀರಂಗಪಟ್ಟಣದ ಕೌಲಿನಿಂದ ಬಾರಾಮಹಲ್ ಸೀಮೆಯು ಕುಂಪಣಿಯ ವಶವಾದಾಗ, ಅದರ ವ್ಯವಸ್ಥೆಗೆ ಕ್ಯಾಪ್ಟನ್ ರೀಡನ ಸಹಾಯಕನಾಗಿ ಮನ್ರೋ ನೇಮಕಗೊಂಡನು. ಅಲ್ಲಿ ಏಳು ವರ್ಷ ಹಳ್ಳಿಹಳ್ಳಿ ತಿರುಗಿ ಭೂಕಂದಾಯದ ಮರ್ಮವನ್ನು ಕಲಿತನು. 1799ರಲ್ಲಿ ಟೀಪುವಿನ ಪತನವಾದ ಮೇಲೆ ಕನ್ನಡ ಜಿಲ್ಲೆಯೆಂದು ಕರೆಯಲ್ಪಟ್ಟ ಕರಾವಳಿಯ ಪ್ರಾಂತವು ಆತನ ಪಾಲಿಗೆ ಬಂದಿತು. ಭೂಮಿಯು ಒಕ್ಕಲಿನ ಸ್ವಂತ ಸ್ವತ್ತೆಂಬ ಭಾವನೆಯು ಅಲ್ಲಿ ಪುರಾತನ ಕಾಲದಿಂದ ದೃಢವಾಗಿ ನೆಲೆಸಿದ್ದುದನ್ನೂ, ವಿಜಯನಗರದ ಕಾಲದ ಕಂದಾಯದ ಮೇಲೆ ಅನಂತರದ ಅರಸರು ಹೇರುತ್ತ ಬಂದ ಹೆಚ್ಚಳವನ್ನೂ ಆತನು ತನ್ನ ವರದಿಯಲ್ಲಿ ವಿವರವಾಗಿ ಬರೆದನು.

1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತ ಮಂಡಲಕ್ಕೆ, ಅಂದರೆ ಬಳ್ಳಾರಿ, ಅನಂತಪುರ, ಕಡಪ ಮುಂತಾದ ಸೀಮೆಗಳಿಗೆ ಆತನು ಪ್ರಧಾನ ಕಲೆಕ್ಟರನಾದನು. ಸುಮಾರು 80 ಮಂದಿ ಪಾಳೆಯಗಾರರನ್ನು ಅಡಗಿಸಿ, ಹೊಲಗಳನ್ನು ಅಳೆಯಿಸಿ, ಜಮೀನುದಾರನ ಮಧ್ಯಸ್ಥಿಕೆಯಿಲ್ಲದೆ ಸರ್ಕಾರವು ರಯತನೊಡನೆ ನೇರವಾಗಿ ವ್ಯವಹರಿಸುವ ರಯತವಾರಿ ಪದ್ಧತಿಯನ್ನು ಬೇರೂರಿಸಿದನು. ಡೇರೆಯೇ ಆತನ ಕಚೇರಿಯಾಗಿದ್ದಿತು. 1807ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ, ಕಂದಾಯವು ಭಾರವಾಗಿದೆಯೆಂದೂ ಅದರಲ್ಲಿ ಕಾಲುಭಾಗವನ್ನು ಇಳಿಸಬೇಕೆಂದೂ ಆತನೇ ಶಿಫಾರಸು ಮಾಡಿದನು. ಮದ್ರಾಸಿನ ಸರ್ಕಾರವು ಆಗ ಅದಕ್ಕೆ ಕಿವಿಗೊಡದೆ ಗ್ರಾಮಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿಯನ್ನು ಹಿಡಿಯಿತು. ಅಧಿಕಾರಿಯ ದಯೆಗೂ ಪ್ರಭುತ್ವದ ಹಸಿವೆಗೂ ಇರುವ ಅಂತರವು ಇದರಿಂದಲೇ ವ್ಯಕ್ತವಾಗುವುದು.

1817-18ರ ಮರಾಠಾ ಯುದ್ಧದಲ್ಲಿ ಮನ್ರೋ ಧಾರವಾಡ ಪ್ರಾಂತಕ್ಕೆ ಬಂದನು. ಆತನೊಡನಿದ್ದ ಕುಂಪಣಿಯ ದಂಡು ಅಲ್ಪ. ಆದರೆ ಊರೂರಿಗೆ ತನ್ನ ಅಮಲುದಾರರನ್ನು ನೇಮಿಸಿ, ನಾಡಿನ ಪದಾತಿಗಳನ್ನೇ ಕೂಡಿಸಿ, ಪೇಷ್ವೆಯ ಠಾಣ್ಯಗಳನ್ನು ತೆರವು ಮಾಡಿಸಿದನು. ಬಾದಾಮಿ, ಬೆಳಗಾವಿಯ ಕೋಟೆಗಳು ಕೆಲವೇ ತಿಂಗಳಲ್ಲಿ ಶರಣಾದವು. ನಮ್ಮ ನಾಡನ್ನು ನಮ್ಮವರ ಕೈಯಿಂದಲೇ ಗೆಲ್ಲಿಸಿದ ಈ ಚಾತುರ್ಯವನ್ನು ನಾವು ಮರೆಯಬಾರದು. ಬೆಳಗಾವಿಯ ಮುತ್ತಿಗೆಯಲ್ಲಿ ನೆರವಾದ ಕಿತ್ತೂರಿನ ದೇಸಾಯಿಗೆ ಸಂಸ್ಥಾನವನ್ನು ಮುಂದುವರಿಸಿಕೊಡಲಾಯಿತು. 1824ರಲ್ಲಿ ಆ ದೇಸಾಯಿಯು ಸಂತಾನವಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆಯು ದತ್ತಕವನ್ನು ಮಾನ್ಯ ಮಾಡಲಿಲ್ಲ. ರಾಣಿ ಚೆನ್ನಮ್ಮನ ಹೋರಾಟವು ಸಿಡಿದೆದ್ದದ್ದು ಆಗಲೇ. ಒಬ್ಬ ಅಧಿಕಾರಿಯ ಕಾಲದಲ್ಲಿ ದೊರೆತ ಅಭಯವು ಆರು ವರ್ಷಗಳಲ್ಲಿ ಇನ್ನೊಬ್ಬನ ಕಾಲದಲ್ಲಿ ನಿಷ್ಫಲವಾಯಿತು.

1820ರಲ್ಲಿ ಮನ್ರೋ ಮದ್ರಾಸಿನ ಗವರ್ನರನಾದನು. ರಯತವಾರಿಯನ್ನು ಕಡಿಮೆ ದರದಲ್ಲಿ ಮತ್ತೆ ತಂದನು. 1822ರಲ್ಲಿ ದೇಶೀಯ ಶಾಲೆಗಳ ಗಣತಿಯನ್ನು ಮಾಡಿಸಿದಾಗ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಲೆಕ್ಕಕ್ಕೆ ಬಂದರು. ಈ ದೇಶದಲ್ಲಿ ವಿದ್ಯೆಯೇ ಇರಲಿಲ್ಲವೆಂಬ ಆಂಗ್ಲರ ಜಂಬಕ್ಕೆ ಅವರ ದಫ್ತರವೇ ಉತ್ತರ ಕೊಟ್ಟಂತಾಯಿತು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ಲನು 533 ಶಾಲೆಗಳ ಲೆಕ್ಕದೊಡನೆ ಕಾರಣವನ್ನೂ ಸೇರಿಸಿದನು: ವಿಲಾಯತಿಯ ಬಟ್ಟೆಯಿಂದ ನೇಕಾರರು ಬಡವಾಗಿ, ದೇಶದ ಹಣವು ಹೊರಗೆ ಹರಿದು, ಶಾಲೆಗಳು ಕ್ಷಯಿಸುತ್ತಿದ್ದುವು.

ಸರ್ಕಾರದ ಉನ್ನತ ಪದವಿಗಳಿಂದ ಹಿಂದೀ ಜನರನ್ನು ದೂರವಿಡುವುದು ಒಂದು ಜನಾಂಗದ ಶೀಲವನ್ನೇ ಕುಗ್ಗಿಸುವುದೆಂದು ಮನ್ರೋ 1824ರ ತನ್ನ ಪ್ರಸಿದ್ಧ ಟಿಪ್ಪಣಿಯಲ್ಲಿ ಬರೆದನು; ಈ ಜನರು ತಮ್ಮ ರಾಜ್ಯವನ್ನು ತಾವೇ ಆಳಿಕೊಳ್ಳಬಲ್ಲ ದಿನವು ಬಂದಾಗ ಬ್ರಿಟಿಷರು ಹಿಂದೆ ಸರಿಯುವುದೇ ಲೇಸೆಂಬ ಅಭಿಪ್ರಾಯವನ್ನೂ ಸೂಚಿಸಿದನು. ಆದರೆ ಇದೇ ಉದಾರಿಯು 1822ರಲ್ಲಿ ಪತ್ರಿಕಾ ಸ್ವಾತಂತ್ರ್ಯವನ್ನು ದೃಢವಾಗಿ ವಿರೋಧಿಸಿದ್ದನು. ಸ್ವತಂತ್ರ ಪತ್ರಿಕೆಯೂ ಪರಕೀಯರ ಆಳಿಕೆಯೂ ಒಂದೆಡೆ ಬಹುಕಾಲ ಬಾಳಲಾರವೆಂಬುದೇ ಆತನ ವಾದದ ತಿರುಳು. ಈ ವಾದವನ್ನು ನಾವು ನಿಂದಿಸುವುದಿಲ್ಲ. ಅದು ಅಕ್ಷರಶಃ ನಿಜವಾಗಿದ್ದಿತು. 1878ರಲ್ಲಿ ಲಾರ್ಡ್ ಲಿಟ್ಟನ್ನನು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟಲು ಕಾನೂನು ತಂದಾಗ ಕೆಲಸ ಮಾಡಿದುದು ಅದೇ ಭೀತಿಯು.

1827ರ ಜುಲೈ 6ರಂದು, ನಿವೃತ್ತನಾಗುವ ಮುನ್ನ ತನ್ನ ಪ್ರೀತಿಯ ದತ್ತ ಮಂಡಲವನ್ನು ನೋಡಲು ಹೊರಟಿದ್ದ ಮನ್ರೋ ಪತ್ತಿಕೊಂಡದಲ್ಲಿ ಕಾಲರಾ ರೋಗದಿಂದ ಮೃತನಾದನು. ಆ ಸೀಮೆಯ ಜನರು ಮಕ್ಕಳಿಗೆ ಮುನ್ರೋಲಪ್ಪನೆಂದು ಹೆಸರಿಟ್ಟರು. ಮಂತ್ರಾಲಯದ ಮಠದ ಭೂಮಿಯ ವಿಷಯದಲ್ಲಿ ರಾಘವೇಂದ್ರಸ್ವಾಮಿಗಳು ಆತನಿಗೆ ದರ್ಶನವಿತ್ತರೆಂಬ ಕಥೆಯು ಇಂದಿಗೂ ಭಕ್ತರ ಬಾಯಲ್ಲಿದೆ. ಪರಕೀಯನಾದರೂ ನ್ಯಾಯವನ್ನು ಕಂಡಲ್ಲಿ ನಮ್ಮ ಜನರು ಕೃತಘ್ನರಾಗಲಿಲ್ಲ.

ಆದರೂ ಸಾಮ್ರಾಜ್ಯಕ್ಕೆ ಕ್ಲೈವನಂಥ ಲೋಭಿಗಳಿಗಿಂತ ಮನ್ರೋನಂಥ ಸಜ್ಜನರಿಂದಲೇ ಹೆಚ್ಚಿನ ಬಲವು ಬಂದಿತೆಂಬುದು ನಮ್ಮ ಅಭಿಪ್ರಾಯ. ಲೋಭಿಯು ಜನರ ರೋಷವನ್ನು ಎಚ್ಚರಿಸುತ್ತಾನೆ. ಸಜ್ಜನನು ಅದನ್ನು ಶಮನಗೊಳಿಸುತ್ತಾನೆ. ಮನ್ರೋ ತೀರಿಹೋದನು, ಆತನು ಕಟ್ಟಿದ ಯಂತ್ರವು ಉಳಿಯಿತು. ಕಂದಾಯವನ್ನೂ ದಂಡಾಧಿಕಾರವನ್ನೂ ಒಂದೇ ಕೈಯಲ್ಲಿ ಹಿಡಿದ ಕಲೆಕ್ಟರನು ಉಳಿದನು. 1876-78ರ ಘೋರ ಕ್ಷಾಮದಲ್ಲಿ ಅದೇ ಬಳ್ಳಾರಿ ಸೀಮೆಯಲ್ಲಿ ಜನರು ಲೆಕ್ಕವಿಲ್ಲದಷ್ಟು ಮಡಿದಾಗ ಆ ಯಂತ್ರದಲ್ಲಿ ಮನ್ರೋನ ಹೃದಯವಿರಲಿಲ್ಲ. ಅದನ್ನು ಪ್ರಶ್ನಿಸುವ ಅಧಿಕಾರವು ಪ್ರಜೆಗಳಿಗೂ ಇರಲಿಲ್ಲ.

1947ರಲ್ಲಿ ಆ ಪ್ರಭುತ್ವವು ಅಳಿಯಿತು. ಜಿಲ್ಲಾಧಿಕಾರಿಯ ಕಚೇರಿ ಇಂದಿಗೂ ಇದೆ. ಹೊಲದ ಲೆಕ್ಕವೂ ಇದೆ. ಆ ಕುರ್ಚಿಯಲ್ಲಿ ಕುಳಿತವರು ಮನ್ರೋನ ಶ್ರಮವನ್ನೂ ಭಾಷಾಜ್ಞಾನವನ್ನೂ ಡೇರೆಯ ಬಾಳನ್ನೂ ಅವಶ್ಯವಾಗಿ ಅನುಸರಿಸಲಿ. ಆದರೆ ಅಧಿಕಾರಿಯು ಒಳ್ಳೆಯವನೆಂದು ಪ್ರಜೆಗಳು ಲೆಕ್ಕ ಕೇಳುವುದನ್ನು ಬಿಡತಕ್ಕದ್ದಲ್ಲ. ಒಳ್ಳೆಯವನ ಬಳಿಕ ಬರುವವನು ಎಂಥವನೋ ಬಲ್ಲವರಾರು?