ಗಣಿತ ಓದಿ ಅಲೆಗೆ ದಾರಿ ಹಾಕಿದವರು

ನಾಲ್ಕನೇ ಸೆಮಿಸ್ಟರ್‌ನಲ್ಲಿ ನಾನು ಫೇಲಾಗಿದ್ದು ಒಂದೇ ವಿಷಯದಲ್ಲಿ, ಎಲೆಕ್ಟ್ರೊಮ್ಯಾಗ್ನೆಟಿಕ್ಸ್. ಸೋಲೂರಿನಿಂದ ಬೆಳಿಗ್ಗೆ ಬಸ್ ಹತ್ತಿ ಬೆಂಗಳೂರಿನ ಕಾಲೇಜಿಗೆ ಹೋಗುವಾಗ ಒಂದೇ ಯೋಚನೆ: ಇದರ ಸಹವಾಸವೇ ಬೇಡ, ಹೇಗೋ ಪಾಸಾಗಿ ಸಾಫ್ಟ್‌ವೇರ್ ಕೆಲಸ ಹಿಡಿದರೆ ಸಾಕು. ಆಗ ಲೈಬ್ರರಿಯಲ್ಲಿ ಆರ್. ಚಟರ್ಜಿ ಎಂಬ ಹೆಸರಿದ್ದ ಮೈಕ್ರೊವೇವ್ ಪುಸ್ತಕವೊಂದು ಕೈಗೆ ಸಿಕ್ಕಿತು. ಯಾರೋ ಬಂಗಾಳದ ಮೇಷ್ಟ್ರಿರಬೇಕು ಎಂದುಕೊಂಡೆ. ಅವರು ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಆಮೇಲೆ ಗೊತ್ತಾಯಿತು.

ಅವರು ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪ ಹಳೇ ಮೈಸೂರಿನ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎಸ್‌ಸಿ. ಮಾಡಿದರು. ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡುವ ಆಸೆಯಿತ್ತು. ಭೌತವಿಜ್ಞಾನದ ಪದವಿ ಇಲ್ಲವೆಂದು ಅವಕಾಶ ಸಿಗಲಿಲ್ಲ. ಅವರು ಮನೆಗೆ ಮರಳಲಿಲ್ಲ. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ವಿದ್ಯುತ್ ಸಂವಹನದ ಕಡೆ ಸೇರಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಪಿಎಚ್.ಡಿ. ಮುಗಿಸಿ ಬಂದು ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೊವೇವ್ ಪ್ರಯೋಗಾಲಯ ಕಟ್ಟಿದರು.

ಅಲ್ಲಿ ನಡೆದ ಕೆಲಸಗಳಲ್ಲಿ ಒಂದು ಮೇಲ್ಮೈ ಅಲೆಗಳದ್ದು. ಲೋಹದ ಮೇಲೆ ನಿರೋಧಕದ ತೆಳು ಪದರ ಹಾಕಿದರೆ ಅಥವಾ ಒತ್ತೊತ್ತಾಗಿ ಸಾಲು ಕೊರೆದರೆ ಅಲೆ ಆ ಮೇಲ್ಮೈಗೆ ಅಂಟಿಕೊಂಡು ಸಾಗುತ್ತದೆ. 10 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 3 ಸೆಂ.ಮೀ. ಸಾಲಿನ ಆಳ ಅದರ ಕಾಲು ಭಾಗಕ್ಕಿಂತ, ಅಂದರೆ 7.5 ಮಿ.ಮೀ.ಗಿಂತ ಕಡಿಮೆ ಇರಬೇಕು. ಆಳ ಆ ಮಿತಿಯ ಹತ್ತಿರ ಹೋದಷ್ಟೂ ಅಲೆ ನಿಧಾನವಾಗುತ್ತದೆ, ಇನ್ನೂ ಬಿಗಿಯಾಗಿ ಅಂಟುತ್ತದೆ. ಮಿತಿ ದಾಟಿದರೆ ದಾರಿಯೇ ಬಂದ್! ಹೊಲದಲ್ಲಿ ನೇಗಿಲ ಸಾಲು ನೋಡಿ ಬೆಳೆದ ನನಗೆ, ಸೂತ್ರದಲ್ಲಿ ಅರ್ಥವಾಗದ್ದು ಇಲ್ಲಿ ಅರ್ಥವಾಯಿತು. ಲೋಹ ಅದೇ; ಆಕಾರ ಬದಲಾದರೆ ಅಲೆಯ ನಡೆಯೂ ಬದಲು.

ರಾಜೇಶ್ವರಿ ವಿಭಾಗದ ಮುಖ್ಯಸ್ಥೆಯಾದರು, 20 ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು, ನೂರಕ್ಕೂ ಹೆಚ್ಚು ಪ್ರಬಂಧ ಬರೆದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದತ್ತ ಹೊರಳಿದರು. 2010ರಲ್ಲಿ ತೀರಿಕೊಂಡರು. ಆಗ ನಾನು ಇನ್ನೂ ಶಾಲೆಯ ಮೆಟ್ಟಿಲು ಹತ್ತಿದ್ದ ಮಗು.

ಒಂದು ಬಾಗಿಲು ಮುಚ್ಚಿದಾಗ ಅವರು ಊರು ಬಿಡಲಿಲ್ಲ, ಅದೇ ಕ್ಯಾಂಪಸ್ಸಿನಲ್ಲಿ ಪಕ್ಕದ ಬಾಗಿಲು ತಟ್ಟಿದರು. ಸಾಫ್ಟ್‌ವೇರ್ ಕೆಲಸ ಕೀಳಲ್ಲ, ನಾಳೆ ನಾನೂ ಅದನ್ನೇ ಹಿಡಿಯಬಹುದು. ಆದರೆ ಹೆದರಿ ಅಲ್ಲಿಗೆ ಓಡಲಾರೆ. ಮುಂದಿನ ತಿಂಗಳು ನನ್ನ ಬ್ಯಾಕ್‌ಲಾಗ್ ಪರೀಕ್ಷೆ. ಬಸ್ಸಿನಲ್ಲಿ ಈಗ ಇಯರ್‌ಫೋನ್ ಬದಲು ನೋಟ್‌ಬುಕ್ ತೆರೆಯುತ್ತೇನೆ.