ವಿಶ್ವಾಸ ಸಂಗ್ರಹದ ಕಾವಲುಗಾರ ಸಂತ ಅಥನಾಸಿಯುಸ್

ಭಾನುವಾರದ ದಿವ್ಯ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದೊಡನೆ ನಾವೆಲ್ಲರೂ ಎದ್ದು ನಿಂತು ವಿಶ್ವಾಸ ಸಂಗ್ರಹವನ್ನು ಒಕ್ಕೊರಲಿನಿಂದ ಹೇಳುತ್ತೇವೆ. ಬಾಲ್ಯದಲ್ಲಿ ತಾಯಿಯ ಮಗ್ಗುಲಲ್ಲಿ ನಿಂತು ಕೇಳಿ, ಜ್ಞಾನೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ ವಾಕ್ಯಗಳವು. ಅವು ನಮಗೆ ಎಷ್ಟು ಪರಿಚಿತವೆಂದರೆ, ನಾಲಗೆ ಅವುಗಳನ್ನು ಉಚ್ಚರಿಸುತ್ತಿರುವಾಗಲೇ ಮನಸ್ಸು ಮನೆಯ ಒಲೆಯ ಕಡೆಗೋ, ಮರುದಿನದ ದುಡಿಮೆಯ ಕಡೆಗೋ ಹರಿದುಹೋಗುವುದುಂಟು. ನಮ್ಮ ಈ ದೇವಾಲಯದಲ್ಲಿ ನೂರು ವರ್ಷಗಳಿಂದ, ಮೊದಲು ಲತೀನ್ ಭಾಷೆಯಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆಯ ತರುವಾಯ ನಮ್ಮ ಕನ್ನಡ ನುಡಿಯಲ್ಲಿ, ಈ ವಿಶ್ವಾಸದ ಘೋಷಣೆ ಮೊಳಗುತ್ತಾ ಬಂದಿದೆ. ಆದರೆ ಆ ವಾಕ್ಯಗಳು ನಮ್ಮ ಕೈಸೇರಲು ಎಂತಹ ಬೆಲೆ ತೆರಬೇಕಾಯಿತೆಂಬುದನ್ನು ನಾವು ಅಪರೂಪಕ್ಕೆ ನೆನೆಯುತ್ತೇವೆ. ಅದರಲ್ಲಿನ ಒಂದೇ ಒಂದು ಪದದ ರಕ್ಷಣೆಗಾಗಿ ಐದು ಬಾರಿ ಗಡೀಪಾರಾಗಿ, ಹದಿನೇಳು ವರ್ಷಗಳನ್ನು ಪರಸ್ಥಳಗಳಲ್ಲಿಯೂ ಮರಳುಗಾಡಿನಲ್ಲಿಯೂ ಕಳೆದ ಧರ್ಮಾಧ್ಯಕ್ಷರೊಬ್ಬರ ಜೀವನ ಚರಿತ್ರೆಯನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ನಮ್ಮ ವಿಶ್ವಾಸಿಗಳ ಮುಂದಿಡಲು ಬಯಸುತ್ತೇವೆ.

ಹಿಂಸೆಯ ನಡುವೆ ಬಾಲ್ಯ

ಸಂತ ಅಥನಾಸಿಯುಸರು ಜನಿಸಿದ್ದು ಈಜಿಪ್ಟ್ ದೇಶದ ಅಲೆಕ್ಸಾಂಡ್ರಿಯ ನಗರದಲ್ಲಿ, ಸುಮಾರು ಕ್ರಿ. ಶ. ೨೯೭ರ ವೇಳೆಗೆ. ಮೆಡಿಟರೇನಿಯನ್ ಸಮುದ್ರದ ದಡದಲ್ಲಿದ್ದ ಆ ಮಹಾನಗರವು ಅಂದಿನ ರೋಮ್ ಸಾಮ್ರಾಜ್ಯದಲ್ಲಿ ವಿದ್ಯೆಗೂ ವಾಣಿಜ್ಯಕ್ಕೂ ಹೆಸರಾಗಿತ್ತು. ನೈಲ್ ನದಿಯ ಬಯಲಿನಲ್ಲಿ ಬೆಳೆದ ಗೋಧಿ ಅಲ್ಲಿಂದಲೇ ಹಡಗುಗಳಲ್ಲಿ ಹೊರನಾಡುಗಳಿಗೆ ಸಾಗುತ್ತಿತ್ತು. ಶುಭಸಂದೇಶಕಾರ ಸಂತ ಮಾರ್ಕರು ಅಲ್ಲಿನ ಧರ್ಮಸಭೆಯನ್ನು ಸ್ಥಾಪಿಸಿದರೆಂಬುದು ಪುರಾತನ ಪರಂಪರೆ.

ಬಾಲಕ ಅಥನಾಸಿಯುಸರು ಕಣ್ಣು ಬಿಟ್ಟು ಲೋಕವನ್ನು ನೋಡುತ್ತಿದ್ದಂತೆಯೇ, ೩೦೩ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ಮೇಲೆ ಘೋರ ಹಿಂಸೆಯನ್ನು ಪ್ರಾರಂಭಿಸಿದನು. ದೇವಾಲಯಗಳು ನೆಲಸಮವಾದವು, ಪವಿತ್ರ ಗ್ರಂಥಗಳು ಬೆಂಕಿಗೆ ಆಹುತಿಯಾದವು. ೩೧೧ರಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರಾದ ಪೇತ್ರರೇ ರಕ್ತಸಾಕ್ಷಿಗಳಾದರು. ೩೧೩ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರೈಸ್ತರಿಗೆ ಆರಾಧನಾ ಸ್ವಾತಂತ್ರ್ಯವನ್ನು ನೀಡಿದಾಗ ಅಥನಾಸಿಯುಸರಿಗೆ ಹದಿನಾರು ವರ್ಷದ ಆಸುಪಾಸು. ಯೇಸುಸ್ವಾಮಿಯ ಹೆಸರಿಗಾಗಿ ಪ್ರಾಣಕೊಟ್ಟವರನ್ನು ಅವರ ಪೀಳಿಗೆಯವರು ಪುಸ್ತಕದಲ್ಲಿ ಓದಿದವರಲ್ಲ, ಕಣ್ಣಾರೆ ಕಂಡವರು.

ಇವರ ಬಾಲ್ಯದ ಬಗ್ಗೆ ಒಂದು ಹಳೆಯ ಕಥೆಯಿದೆ. ಧರ್ಮಾಧ್ಯಕ್ಷ ಅಲೆಕ್ಸಾಂಡರರು ಒಂದು ದಿನ ಸಮುದ್ರ ತೀರದಲ್ಲಿ ಆಡುತ್ತಿದ್ದ ಹುಡುಗರನ್ನು ಕಂಡರಂತೆ. ಅವರಲ್ಲೊಬ್ಬನು ಧರ್ಮಾಧ್ಯಕ್ಷನಂತೆ ನಟಿಸುತ್ತಾ ಜೊತೆಗಾರರಿಗೆ ಜ್ಞಾನಸ್ನಾನ ಕೊಡುತ್ತಿದ್ದನು. ಕರೆಸಿ ವಿಚಾರಿಸಲಾಗಿ, ಧರ್ಮಸಭೆಯ ವಿಧಿಯನ್ನು ಹುಡುಗನು ಚಾಚೂ ತಪ್ಪದೆ ಅನುಸರಿಸಿದ್ದನೆಂದು ತಿಳಿದುಬಂದಿತು. ಆ ಹುಡುಗನೇ ಅಥನಾಸಿಯುಸ್ ಎನ್ನುತ್ತದೆ ಆ ಕಥೆ. ಅದರ ಐತಿಹಾಸಿಕತೆ ಏನೇ ಇರಲಿ, ಅಥನಾಸಿಯುಸರು ಮುಂದೆ ಆ ಧರ್ಮಾಧ್ಯಕ್ಷರ ಆಪ್ತ ಸಹಾಯಕರಾಗಿ, ಉಪಯಾಜಕರಾಗಿ ಸೇವೆ ಸಲ್ಲಿಸಿದ್ದು ನಿಜ.

ಕೆಟ್ಟುಹೋದ ಚಿತ್ರ

ದಿವ್ಯವಾಣಿಯ ಮನುಷ್ಯಾವತಾರವನ್ನು ಕುರಿತು ಅಥನಾಸಿಯುಸರು ಬರೆದ ಗ್ರಂಥವು ಇಂದಿಗೂ ಗುರುಮಠಗಳಲ್ಲಿ ಪಾಠವಾಗುತ್ತದೆ. ದೇವರು ಮನುಷ್ಯನಾದುದೇಕೆ ಎಂಬ ಪ್ರಶ್ನೆಗೆ ಅವರು ಅಲ್ಲಿ ಕೊಡುವ ಉಪಮೆಯೊಂದು ಬಹು ಸುಂದರವಾದುದು. ಹಲಗೆಯ ಮೇಲೆ ಬರೆದ ಭಾವಚಿತ್ರವೊಂದು ಕೊಳೆ ಹಿಡಿದು ಅಳಿಸಿಹೋದರೆ, ಚಿತ್ರಕಾರನು ಹಲಗೆಯನ್ನು ಎಸೆದುಬಿಡುವುದಿಲ್ಲ. ಆ ಚಿತ್ರವು ಯಾರದೋ ಅವರೇ ಮತ್ತೊಮ್ಮೆ ಬಂದು ಎದುರು ಕುಳಿತರೆ ಅದೇ ಹಲಗೆಯ ಮೇಲೆ ಅವರ ರೂಪವನ್ನು ತಿದ್ದಿ ಬರೆಯಬಹುದು. ದೇವರ ಪ್ರತಿರೂಪವಾಗಿ ಸೃಷ್ಟಿಯಾದ ಮಾನವನು ಪಾಪದಿಂದ ಆ ರೂಪವನ್ನು ಕೆಡಿಸಿಕೊಂಡನು. ತಂದೆಯ ನಿಜರೂಪವಾದ ಪುತ್ರನೇ ನಮ್ಮ ನಡುವೆ ಬಂದು ವಾಸಿಸಿ ಅದನ್ನು ನವೀಕರಿಸಿದರು. ಅಥನಾಸಿಯುಸರ ಇಡೀ ಜೀವನದ ಹೋರಾಟವೆಲ್ಲ ಈ ಉಪಮೆಯಲ್ಲೇ ಅಡಗಿದೆ. ಬಂದು ಕುಳಿತವರು ಬೇರೆ ಯಾರೋ ಆಗಿದ್ದರೆ ಚಿತ್ರವು ಮೊದಲಿನಂತಾಗುವುದು ಅಸಾಧ್ಯ.

ಆರಿಯುಸನ ಬೋಧೆ ಮತ್ತು ನಿಸೇಯ ಮಹಾಸಭೆ

ಬಂದವರು ಬೇರೆ ಎಂದು ಬೋಧಿಸಿದವನು ಅದೇ ನಗರದ ಆರಿಯುಸ್ ಎಂಬ ಯಾಜಕ. ಆತನು ದುರ್ನಡತೆಯವನಲ್ಲ, ವಿರಕ್ತ ಜೀವನದವನು, ವಾಕ್ಚತುರನು. ದೇವರು ಒಬ್ಬರೇ ಎಂಬ ಸತ್ಯವನ್ನು ಕಾಪಾಡುವ ಆತುರದಲ್ಲಿ, ಪುತ್ರನು ತಂದೆಗೆ ಸಮಾನನಲ್ಲ, ಸೃಷ್ಟಿಗಳಲ್ಲಿ ಶ್ರೇಷ್ಠನಾದ ಸೃಷ್ಟಿ ಮಾತ್ರ, ಅವನಿಲ್ಲದ ಕಾಲವೂ ಇತ್ತು ಎಂದು ಆತನು ಕಲಿಸಿದನು. ನಾವಿಕರೂ ಗಿರಣಿಯ ಕೆಲಸಗಾರರೂ ದಾರಿಹೋಕರೂ ಹಾಡಿಕೊಳ್ಳಲೆಂದು ತನ್ನ ಬೋಧೆಯನ್ನು ಪದ್ಯಗಳಲ್ಲಿ ಹೆಣೆದು ಹರಡಿದನು.

ವಿವಾದವು ಸಾಮ್ರಾಜ್ಯವನ್ನೆಲ್ಲ ವ್ಯಾಪಿಸಲು, ೩೨೫ರಲ್ಲಿ ಇಂದಿನ ತುರ್ಕಿ ದೇಶದಲ್ಲಿರುವ ನಿಸೇಯ ನಗರದಲ್ಲಿ ಧರ್ಮಸಭೆಯ ಪ್ರಥಮ ಮಹಾಸಭೆ ಸೇರಿತು. ನೆರೆದ ಧರ್ಮಾಧ್ಯಕ್ಷರು ೩೧೮ ಮಂದಿ ಎಂಬುದು ಪರಂಪರೆಯ ಲೆಕ್ಕ. ಅವರಲ್ಲಿ ಕೆಲವರ ಮೈಮೇಲೆ ಹಿಂಸೆಯ ಕಾಲದ ಗಾಯದ ಗುರುತುಗಳು ಇನ್ನೂ ಇದ್ದವು. ಜಗದ್ಗುರುಗಳಾದ ಸಿಲ್ವೆಸ್ಟರರ ಪರವಾಗಿ ಇಬ್ಬರು ಯಾಜಕರು ಬಂದಿದ್ದರು. ಅಥನಾಸಿಯುಸರು ತಮ್ಮ ಧರ್ಮಾಧ್ಯಕ್ಷರೊಡನೆ ಉಪಯಾಜಕರಾಗಿ ಅಲ್ಲಿದ್ದರು. ಪುತ್ರನು ತಂದೆಯೊಡನೆ ಏಕಸತ್ವ ಉಳ್ಳವರು, ತಂದೆ ಯಾವ ಅರ್ಥದಲ್ಲಿ ದೇವರೋ ಅದೇ ಅರ್ಥದಲ್ಲಿ ಪುತ್ರನೂ ದೇವರು ಎಂದು ಮಹಾಸಭೆ ಸಾರಿತು. ಗ್ರೀಕ್ ಭಾಷೆಯ ಆ ಒಂದು ಪದವೇ ಮುಂದಿನ ಅರ್ಧ ಶತಮಾನದ ಕದನಕ್ಕೆ ಕಾರಣವಾಯಿತು.

ಸುಳ್ಳು ಆರೋಪಗಳು

೩೨೮ರಲ್ಲಿ ಅಲೆಕ್ಸಾಂಡರರು ದೈವಾಧೀನರಾದಾಗ, ಇನ್ನೂ ಮೂವತ್ತರ ಹರೆಯದಲ್ಲಿದ್ದ ಅಥನಾಸಿಯುಸರು ಧರ್ಮಾಧ್ಯಕ್ಷ ಪೀಠವನ್ನೇರಿದರು. ಅಷ್ಟರಲ್ಲಿ ಅರಮನೆಯ ಗಾಳಿ ಬೀಸುವ ದಿಕ್ಕು ಬದಲಾಗತೊಡಗಿತ್ತು. ಆರಿಯುಸನ ಪಕ್ಷಪಾತಿಗಳು ಚಕ್ರವರ್ತಿಯ ಮನಸ್ಸನ್ನು ಗೆದ್ದು, ಆತನನ್ನು ಸಭೆಗೆ ಮರಳಿ ಸೇರಿಸಿಕೊಳ್ಳುವಂತೆ ಅಥನಾಸಿಯುಸರನ್ನು ಒತ್ತಾಯಿಸಿದರು. ಅವರು ಒಪ್ಪಲಿಲ್ಲ.

ಆಗ ಆರೋಪಗಳ ಮಳೆಯೇ ಸುರಿಯಿತು. ಆರ್ಸೇನಿಯಸ್ ಎಂಬ ಧರ್ಮಾಧ್ಯಕ್ಷನನ್ನು ಕೊಲ್ಲಿಸಿ, ಮಾಟಕ್ಕಾಗಿ ಆತನ ಕೈಯನ್ನು ಕತ್ತರಿಸಿಕೊಂಡರೆಂಬುದು ಅವುಗಳಲ್ಲೊಂದು. ಸತ್ತನೆಂದು ಹೇಳಲಾದ ಆರ್ಸೇನಿಯಸ್ ಜೀವಂತವಾಗಿ ಅಡಗಿರುವುದನ್ನು ಅಥನಾಸಿಯುಸರ ಕಡೆಯವರು ಪತ್ತೆ ಹಚ್ಚಿದರು. ೩೩೫ರಲ್ಲಿ ಟೈರ್ ನಗರದಲ್ಲಿ ಸೇರಿದ ವಿಚಾರಣಾ ಸಭೆಯ ಮುಂದೆ ಆತನನ್ನೇ ತಂದು ನಿಲ್ಲಿಸಿ, ಮೇಲಂಗಿಯನ್ನು ಸರಿಸಿ ಒಂದೊಂದಾಗಿ ಎರಡು ಕೈಗಳನ್ನೂ ತೋರಿಸಿದರೆಂದು ಪ್ರಾಚೀನ ಚರಿತ್ರೆಕಾರರು ಬರೆದಿದ್ದಾರೆ. ಆದರೂ ಆ ಸಭೆ ಅವರನ್ನು ಪದಚ್ಯುತಗೊಳಿಸಿತು. ರಾಜಧಾನಿಗೆ ಹೋಗುವ ಗೋಧಿಯ ಹಡಗುಗಳನ್ನು ತಡೆಯುವುದಾಗಿ ಬೆದರಿಸಿದರೆಂಬ ಹೊಸ ದೂರನ್ನು ಕೇಳಿ, ಕಾನ್‌ಸ್ಟಂಟೈನನು ಅವರನ್ನು ಇಂದಿನ ಜರ್ಮನಿಯಲ್ಲಿರುವ ಟ್ರಿಯರ್ ನಗರಕ್ಕೆ ಗಡೀಪಾರು ಮಾಡಿದನು.

ಐದು ಬಾರಿ ಗಡೀಪಾರು

೩೩೭ರಲ್ಲಿ ಚಕ್ರವರ್ತಿ ತೀರಿಕೊಂಡ ಬಳಿಕ ಅವರು ಮರಳಿದರು. ೩೩೯ರಲ್ಲಿ ಮತ್ತೆ ಹೊರಡಬೇಕಾಯಿತು. ಈ ಬಾರಿ ರೋಮ್ ನಗರದಲ್ಲಿ ಜಗದ್ಗುರು ಪ್ರಥಮ ಜೂಲಿಯಸರು ಅವರಿಗೆ ಆಶ್ರಯವಿತ್ತು, ಅವರನ್ನು ನಿರ್ದೋಷಿಯೆಂದು ಎತ್ತಿಹಿಡಿದರು. ೩೪೬ರಲ್ಲಿ ಅವರು ತಮ್ಮ ಜನರ ನಡುವೆ ಹಿಂದಿರುಗಿದ ನಂತರ ಹತ್ತು ವರ್ಷಗಳ ನೆಮ್ಮದಿ ದೊರೆಯಿತು. ಇಥಿಯೋಪಿಯದ ಆಕ್ಸುಮ್ ರಾಜ್ಯದಲ್ಲಿ ಶುಭಸಂದೇಶದ ಬೀಜ ಬಿತ್ತಿದ ಸಂತ ಫ್ರುಮೆಂಟಿಯುಸರಿಗೆ ಧರ್ಮಾಧ್ಯಕ್ಷ ದೀಕ್ಷೆಯನ್ನಿತ್ತವರೂ ಇವರೇ.

೩೫೬ರ ಫೆಬ್ರವರಿಯ ಒಂದು ರಾತ್ರಿ. ಥಿಯೋನಾಸ್ ದೇವಾಲಯದಲ್ಲಿ ವಿಶ್ವಾಸಿಗಳು ಜಾಗರಣೆಯ ಪ್ರಾರ್ಥನೆಯಲ್ಲಿದ್ದಾಗ ಚಕ್ರವರ್ತಿ ಕಾನ್‌ಸ್ಟಾಂಷಿಯಸನ ಸೈನಿಕರು ಕಟ್ಟಡವನ್ನು ಮುತ್ತಿದರು. ಅಥನಾಸಿಯುಸರು ಪೀಠದಿಂದ ಕದಲಲಿಲ್ಲ. ದೇವರ ಅಚಲ ಪ್ರೀತಿಯನ್ನು ಕೊಂಡಾಡುವ ಕೀರ್ತನೆಯನ್ನು ಓದುವಂತೆ ಉಪಯಾಜಕರಿಗೆ ಹೇಳಿ, ಜನರು ಅದಕ್ಕೆ ಪ್ರತ್ಯುತ್ತರವನ್ನು ಹಾಡುವಂತೆ ಮಾಡಿದರು. ಬಾಗಿಲು ಮುರಿದು ಸೈನಿಕರು ಒಳನುಗ್ಗಿದರು, ಬಾಣಗಳು ಹಾರಿದವು, ಜನರು ಸತ್ತರು. ಮೊದಲು ಜನರು ಸುರಕ್ಷಿತವಾಗಿ ಹೊರಹೋಗಲೆಂದು ಅವರು ಹಟ ಹಿಡಿದರು. ಕಡೆಗೆ ಸನ್ಯಾಸಿಗಳೂ ಯಾಜಕರೂ ಅವರನ್ನು ಆ ಗದ್ದಲದ ನಡುವೆ ಎಳೆದುಕೊಂಡು ಹೋದರು.

ಅಲ್ಲಿಂದ ಆರು ವರ್ಷಗಳು ಅವರು ಮರಳುಗಾಡಿನ ಸನ್ಯಾಸಿಗಳ ನಡುವೆ ಅಡಗಿ ಬಾಳಿದರು. ಒಂದು ಆಶ್ರಮದಿಂದ ಇನ್ನೊಂದಕ್ಕೆ ಸಾಗುತ್ತಾ, ಅಡಗುದಾಣಗಳಿಂದಲೇ ಬರೆಯುತ್ತಾ ತಮ್ಮ ಮಂದೆಯನ್ನು ಮೇಯಿಸಿದರು. ವನವಾಸಿ ಸಂತ ಅಂತೋನಿಯವರ ಜೀವನ ಚರಿತ್ರೆ ಆ ಕಾಲದ ಕೃತಿ. ಅದನ್ನು ಕುರಿತು ಕೇಳಿದ್ದೇ ಮುಂದೆ ಸಂತ ಅಗಸ್ಟೀನರ ಮನಃಪರಿವರ್ತನೆಗೆ ಒಂದು ಕಾರಣವಾಯಿತು.

ನಗರದ ದೇವಾಲಯಗಳೆಲ್ಲ ಆಗ ಆರಿಯುಸನ ಪಂಥದವರ ವಶದಲ್ಲಿದ್ದವು. ಹೊರದಬ್ಬಲ್ಪಟ್ಟ ವಿಶ್ವಾಸಿಗಳಿಗೆ ಅಥನಾಸಿಯುಸರು ಕಳುಹಿಸಿದ ಓಲೆಯೊಂದರಲ್ಲಿ, ಕಟ್ಟಡಗಳು ಅವರ ಕೈಯಲ್ಲಿದ್ದರೂ ಪ್ರೇಷಿತರ ವಿಶ್ವಾಸವು ನಿಮ್ಮಲ್ಲಿದೆ, ಇವೆರಡರಲ್ಲಿ ಯಾವುದು ದೊಡ್ಡದೆಂದು ನೀವೇ ಯೋಚಿಸಿರಿ ಎಂಬ ಭಾವದ ಸಾಂತ್ವನವನ್ನು ಕಾಣುತ್ತೇವೆ. ದೇವಾಲಯದ ಶತಮಾನೋತ್ಸವವನ್ನು ಆಚರಿಸುತ್ತಿರುವ ನಾವು ಈ ಮಾತನ್ನು ಹೃದಯದಲ್ಲಿಟ್ಟು ಧ್ಯಾನಿಸಬೇಕು.

೩೬೨ರಲ್ಲಿ ಅವರು ಮರಳಿ ಬಂದು, ಅದೇ ವರ್ಷ ಚಕ್ರವರ್ತಿ ಜೂಲಿಯನ್ನನ ಆಜ್ಞೆಯಿಂದ ನಾಲ್ಕನೆಯ ಬಾರಿ ಹೊರಟರು. ನೈಲ್ ನದಿಯಲ್ಲಿ ಬೆನ್ನಟ್ಟಿ ಬಂದವರನ್ನು ಕಂಡು ತಮ್ಮ ದೋಣಿಯನ್ನೇ ಅವರ ಕಡೆಗೆ ತಿರುಗಿಸಿದರೆಂದೂ, ಅಥನಾಸಿಯುಸ್ ಎಲ್ಲಿ ಎಂದು ಕೇಳಿದವರಿಗೆ ಬಹಳ ದೂರವೇನಿಲ್ಲ ಎಂಬ ಉತ್ತರ ದೊರೆಯಿತೆಂದೂ, ಅವರು ಹುಟ್ಟುಹಾಕುತ್ತಾ ಮುಂದೆ ಸಾಗಿದರೆಂದೂ ಕಥೆಯಿದೆ. ೩೬೫ರಲ್ಲಿ ಚಕ್ರವರ್ತಿ ವಾಲೆನ್ಸನ ಕಾಲದಲ್ಲಿ ಐದನೆಯ ಮತ್ತು ಕೊನೆಯ ಗಡೀಪಾರು. ಅದು ಕೆಲವೇ ತಿಂಗಳುಗಳದು. ಜನರ ಒತ್ತಾಯಕ್ಕೆ ಮಣಿದು ಅವರನ್ನು ಹಿಂದಕ್ಕೆ ಕರೆಸಬೇಕಾಯಿತು.

ಒಂದು ಪದಕ್ಕಾಗಿ ಇಷ್ಟೆಲ್ಲ ಏಕೆ?

ಒಂದು ಪದದ ವಿಷಯದಲ್ಲಿ ಸ್ವಲ್ಪ ಬಿಟ್ಟುಕೊಟ್ಟಿದ್ದರೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲವಲ್ಲ ಎಂದು ನಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅಂದಿನ ಅನೇಕ ಧರ್ಮಾಧ್ಯಕ್ಷರು ಹಾಗೆಂದುಕೊಂಡೇ ಸಹಿ ಹಾಕಿದರು. ಅಥನಾಸಿಯುಸರು ಮಾತ್ರ ಸಾಮಾನ್ಯ ವಿಶ್ವಾಸಿಯ ಪಕ್ಕದಲ್ಲಿ ನಿಂತು ಯೋಚಿಸಿದರು. ಕ್ರಿಸ್ತರು ಸೃಷ್ಟಿಯಾಗಿದ್ದರೆ, ಅವರನ್ನು ಆರಾಧಿಸುವ ನಾವು ಸೃಷ್ಟಿಯನ್ನು ಪೂಜಿಸಿದಂತಾಗುತ್ತದೆ. ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಪಡೆದ ಜ್ಞಾನಸ್ನಾನವು ದೇವರ ಹೆಸರಿನೊಡನೆ ಸೃಷ್ಟಿಯ ಹೆಸರನ್ನೂ ಬೆರೆಸಿದಂತಾಗುತ್ತದೆ. ಶಿಲುಬೆಯ ಮೇಲೆ ಮರಣಹೊಂದಿದವರು ದೇವರಲ್ಲದಿದ್ದರೆ, ಮರಣವನ್ನು ಗೆಲ್ಲುವ ಶಕ್ತಿ ನಮಗೆ ಎಲ್ಲಿಂದ ಬರಬೇಕು? ಸ್ವತಃ ಸಾಲಗಾರನಾದವನು ಮತ್ತೊಬ್ಬನ ಸಾಲವನ್ನು ತೀರಿಸಲಾರನು. ಹಾಗೆಯೇ ಅವರು ನಿಜವಾದ ಮಾನವ ದೇಹವನ್ನು ಧರಿಸದಿದ್ದರೆ ನಮ್ಮ ದೇಹಕ್ಕೆ ಪುನರುತ್ಥಾನದ ಭರವಸೆಯಿಲ್ಲ. ಯೇಸುಕ್ರಿಸ್ತರು ನಿಜ ದೇವರು ಹಾಗೂ ನಿಜ ಮಾನವರು ಎಂಬ ತತ್ವದಲ್ಲಿ ನಮ್ಮ ಆರಾಧನೆ, ಸಂಸ್ಕಾರಗಳು, ಸಮಾಧಿಯ ಬಳಿ ನಿಂತು ನಾವು ಹೇಳುವ ಪ್ರಾರ್ಥನೆ ಎಲ್ಲವೂ ನೆಲೆಗೊಂಡಿವೆ.

ಪವಿತ್ರಾತ್ಮರನ್ನು ಸೃಷ್ಟಿಯೆಂದು ಹೇಳಿದವರಿಗೂ ಅವರು ಅದೇ ರೀತಿಯಲ್ಲಿ ಉತ್ತರಕೊಟ್ಟರು. ನಮ್ಮನ್ನು ಪವಿತ್ರಗೊಳಿಸುವವರು ದೇವರೇ ಆಗಿರಬೇಕಲ್ಲದೆ ಬೇರೆಯಲ್ಲ.

ಅಥನಾಸಿಯುಸರು ವಾದದಲ್ಲಿ ಉಗ್ರರು. ಅವರ ಲೇಖನಿ ವಿರೋಧಿಗಳನ್ನು ಚುಚ್ಚಿದ್ದೂ ಉಂಟು. ಆದರೆ ೩೬೨ರಲ್ಲಿ ತಾವು ಕರೆದ ಧರ್ಮಸಮ್ಮೇಳನದಲ್ಲಿ, ಭಯದಿಂದ ಜಾರಿದವರನ್ನು ಕ್ಷಮಿಸಿ ಸೇರಿಸಿಕೊಳ್ಳಲು ಅವರೇ ಮುಂದಾದರು. ಬೇರೆ ಪದಗಳನ್ನು ಬಳಸಿದರೂ ಅದೇ ಸತ್ಯವನ್ನು ನಂಬುವವರನ್ನು ಸೋದರರೆಂದು ಒಪ್ಪಿಕೊಂಡರು.

ಕೊನೆಯ ದಿನಗಳು

೩೬೭ರಲ್ಲಿ ಪಾಸ್ಖ ಹಬ್ಬದ ನಿಮಿತ್ತ ಬರೆದ ಪತ್ರದಲ್ಲಿ ಅವರು ಹೊಸ ಒಡಂಬಡಿಕೆಯ ಗ್ರಂಥಗಳನ್ನು ಪಟ್ಟಿಮಾಡಿದರು. ಇಂದು ನಮ್ಮ ಕೈಯಲ್ಲಿರುವ ೨೭ ಗ್ರಂಥಗಳನ್ನು ಹೆಚ್ಚುಕಡಿಮೆಯಿಲ್ಲದೆ ಹೆಸರಿಸಿದ, ನಮಗೆ ದೊರೆತಿರುವ ಮೊದಲ ಪಟ್ಟಿ ಅದೇ. ನಲವತ್ತೈದು ವರ್ಷಗಳ ಧರ್ಮಾಧ್ಯಕ್ಷ ಸೇವೆಯ ತರುವಾಯ, ೩೭೩ರ ಮೇ ೨ರಂದು, ಅವರು ತಮ್ಮ ಸ್ವಂತ ನಗರದಲ್ಲಿ, ತಮ್ಮ ಜನರ ನಡುವೆ ಶಾಂತಿಯಿಂದ ಕಣ್ಮುಚ್ಚಿದರು. ಹೋರಾಟದ ಪೂರ್ಣ ಜಯವನ್ನು ಅವರು ನೋಡಲಿಲ್ಲ. ಎಂಟು ವರ್ಷಗಳ ನಂತರ, ೩೮೧ರಲ್ಲಿ, ಕಾನ್‌ಸ್ಟಾಂಟಿನೋಪಲ್ ಮಹಾಸಭೆ ನಿಸೇಯದ ವಿಶ್ವಾಸವನ್ನು ಸ್ಥಿರಪಡಿಸಿತು. ಬಿತ್ತಿದವರು ಒಬ್ಬರು, ಕೊಯ್ದವರು ಇನ್ನೊಬ್ಬರು.

ಮೇ ೨ ಅವರ ಹಬ್ಬದ ದಿನ. ಧರ್ಮಸಭೆಯು ಅವರನ್ನು ಧರ್ಮಪಂಡಿತರೆಂದು ಗೌರವಿಸುತ್ತದೆ. ೧೯೭೩ರಲ್ಲಿ, ಅವರು ಮರಣಹೊಂದಿ ೧೬೦೦ ವರ್ಷಗಳಾದಾಗ, ಜಗದ್ಗುರು ಆರನೆಯ ಪೌಲರು ಅವರ ಪವಿತ್ರ ಅವಶೇಷದ ಭಾಗವನ್ನು ಈಜಿಪ್ಟಿನ ಕೋಪ್ಟಿಕ್ ಧರ್ಮಸಭೆಯ ಮುಖ್ಯಸ್ಥರಾದ ಮೂರನೆಯ ಶೆನೂದರಿಗೆ ಒಪ್ಪಿಸಿದರು. ಬದುಕಿನಲ್ಲಿ ಐದು ಬಾರಿ ಹೊರದೂಡಲ್ಪಟ್ಟವರು ಹೀಗೆ ಇನ್ನೊಮ್ಮೆ ಮನೆಗೆ ಮರಳಿದರು. ೨೦೨೫ರಲ್ಲಿ ನಿಸೇಯ ಮಹಾಸಭೆಗೆ ೧೭೦೦ ವರ್ಷಗಳು ತುಂಬಿದವು.

ನಮ್ಮ ಹಿರಿಯರು ಈ ದೇವಾಲಯವನ್ನು ನಮಗೆ ಬಿಟ್ಟುಹೋಗಿದ್ದಾರೆ. ಅದರ ಗೋಡೆಗಳಿಗೆ ಸುಣ್ಣ ಬಳಿದು, ಮಾಡನ್ನು ಸರಿಪಡಿಸಿ, ಗಂಟೆಯನ್ನು ಹೊಳೆಯುವಂತೆ ಮಾಡಿ ಸಂಭ್ರಮಿಸುವುದು ಯುಕ್ತವೇ ಸರಿ. ಆದರೆ ಅವರು ಬಿಟ್ಟುಹೋದ ದೊಡ್ಡ ಆಸ್ತಿ ಬೇರೊಂದಿದೆ. ಅದಕ್ಕೆ ಬೀಗವಿಲ್ಲ, ಪಹರೆಯಿಲ್ಲ, ಮನೆಮನೆಯಲ್ಲಿ ತಂದೆತಾಯಂದಿರು ಮಕ್ಕಳಿಗೆ ಕಲಿಸಿದರಷ್ಟೇ ಅದು ಉಳಿಯುತ್ತದೆ. ಮಕ್ಕಳು ವಿಶ್ವಾಸ ಸಂಗ್ರಹವನ್ನು ಬಾಯಿಪಾಠ ಒಪ್ಪಿಸಿದಾಗ ಅದರ ಅರ್ಥವನ್ನೂ ಕೇಳಲಿ, ಉತ್ತರ ಕೊಡಲು ನಾವೂ ಕಲಿಯೋಣ. ಬರುವ ಭಾನುವಾರ ಎದ್ದು ನಿಂತು ಪುತ್ರನು ತಂದೆಯೊಡನೆ ಒಂದೇ ಎಂದು ಹೇಳುವ ಕ್ಷಣದಲ್ಲಿ, ಬಾಗಿಲು ಮುರಿಯುವ ಸದ್ದಿನ ನಡುವೆಯೂ ಪೀಠದಿಂದ ಕದಲದೆ ಕುಳಿತಿದ್ದ ಆ ಕುರುಬನನ್ನು ನೆನೆಯೋಣ. ಸಂತ ಅಥನಾಸಿಯುಸರು ನಮಗಾಗಿಯೂ, ಈ ಧರ್ಮಕೇಂದ್ರದ ಮುಂದಿನ ನೂರು ವರ್ಷಗಳ ವಿಶ್ವಾಸಿಗಳಿಗಾಗಿಯೂ ಪ್ರಾರ್ಥಿಸಲಿ.