ಫ್ಯಾರಡೆ ಕೊಟ್ಟ ಸುರುಳಿ, ಫ್ಯಾರಡೆ ಕಲಿಸಿದ ಪರೀಕ್ಷೆ

ಮೈಕೆಲ್ ಫ್ಯಾರಡೆಯವರ ಹೆಸರನ್ನು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಓದದವರು ಕಡಿಮೆ. ಜನರೇಟರ್, ಟ್ರಾನ್ಸ್‌ಫಾರ್ಮರ್‌ಗಳ ಹಿಂದಿರುವುದು ಅವರು ಕಂಡುಹಿಡಿದ ತತ್ವ. ಆಟಿಸಂ ಇರುವ ಮಕ್ಕಳ ತಲೆಯ ಮೇಲೆ ಹಿಡಿದು ಪ್ರಯೋಗಿಸುತ್ತಿರುವ ಕಾಂತ ಯಂತ್ರದ ಮೂಲವೂ ಅದೇ.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಬಡ ಕಮ್ಮಾರನ ಮನೆಯಲ್ಲಿ. ಓದು, ಬರಹ, ಲೆಕ್ಕ ಇಷ್ಟೇ ಶಾಲೆಯಲ್ಲಿ ಕಲಿತದ್ದು. 14ನೇ ವಯಸ್ಸಿಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿ ಸೇರಿದರು. ರಟ್ಟು ಹಾಕಲು ಬಂದ ಪುಸ್ತಕಗಳನ್ನೇ ಓದಿ ವಿದ್ಯುತ್ತಿನ ಗೀಳು ಹತ್ತಿಸಿಕೊಂಡರು. 1812ರಲ್ಲಿ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ಬರೆದುಕೊಂಡ ಟಿಪ್ಪಣಿಗೆ ರಟ್ಟು ಕಟ್ಟಿ ಅವರಿಗೇ ಕಳುಹಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದರ ಎರಡು ಬದಿಗೆ ಬೇರೆ ಬೇರೆ ತಂತಿ ಸುತ್ತಿದರು. ಒಂದರಲ್ಲಿ ಕರೆಂಟು ಹರಿಸಿದಾಗ ಮತ್ತು ನಿಲ್ಲಿಸಿದಾಗ, ಇನ್ನೊಂದರಲ್ಲೂ ಕ್ಷಣಕಾಲ ಕರೆಂಟು ಹುಟ್ಟಿತು. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಆಂಥೊನಿ ಬಾರ್ಕರ್ ತಂಡ ಇದೇ ತತ್ವದಿಂದ, ತಲೆಬುರುಡೆ ತೆರೆಯದೆ ಮೆದುಳನ್ನು ಪ್ರಚೋದಿಸಿ ತೋರಿಸಿತು. ಇದನ್ನು ಟಿಎಂಎಸ್ ಎನ್ನುತ್ತಾರೆ. 2008ರಲ್ಲಿ ಅಮೆರಿಕದ ಎಫ್‌ಡಿಎ ಇಂಥ ಯಂತ್ರಕ್ಕೆ ಖಿನ್ನತೆಯ ಚಿಕಿತ್ಸೆಗಾಗಿ ಒಪ್ಪಿಗೆ ಕೊಟ್ಟಿತು. ಆಟಿಸಂಗೆ ಕೊಟ್ಟಿಲ್ಲ. ಅದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅಪರೂಪಕ್ಕೆ ಫಿಟ್ಸ್ ಬರುವ ಅಪಾಯವೂ ಉಂಟು. ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಮೊದಲೇ ಹೆಚ್ಚು.

ಫ್ಯಾರಡೆಯವರ ಇನ್ನೊಂದು ಕೊಡುಗೆಯನ್ನು ತಂದೆತಾಯಿಗಳು ನೆನಪಿಡಬೇಕು. 1853ರಲ್ಲಿ ಲಂಡನ್ನಿನಲ್ಲಿ, ಸುತ್ತ ಕೂತವರು ಕೈಯಿಟ್ಟರೆ ಮೇಜು ತಾನೇ ತಿರುಗುತ್ತದೆ ಎಂಬ ನಂಬಿಕೆ ಹಬ್ಬಿತ್ತು. ಫ್ಯಾರಡೆ ಇದನ್ನು ಪರೀಕ್ಷಿಸಿ ನೋಡಿದರು. ಕೈ ಮತ್ತು ಮೇಜಿನ ನಡುವೆ, ಮೆತ್ತನೆಯ ಅಂಟು ಹಚ್ಚಿದ ಕಾಗದದ ರಟ್ಟುಗಳನ್ನು ಪದರಪದರವಾಗಿ ಇಟ್ಟರು. ಮೊದಲು ಸರಿದದ್ದು ಮೇಲಿನ ರಟ್ಟು. ಅಂದರೆ ಜನರೇ ತಿಳಿಯದೆ ಮೇಜನ್ನು ತಳ್ಳುತ್ತಿದ್ದರು. ಅವರು ಸುಳ್ಳುಗಾರರಲ್ಲ, ಆಸೆಯಿದ್ದವರು.

ಟಿಎಂಎಸ್ ಸಂಶೋಧನೆಯಲ್ಲೂ ಇದೇ ಎಚ್ಚರ ಬೇಕು. ಕೆಲವು ಮಕ್ಕಳಿಗೆ ನಿಜವಾದ ಸುರುಳಿ, ಉಳಿದವರಿಗೆ ಬರೀ ಸದ್ದು ಮಾಡುವ ಸುಳ್ಳು ಸುರುಳಿ. ಯಾರಿಗೆ ಯಾವುದೆಂದು ಮನೆಯವರಿಗೆ ಹೇಳುವುದಿಲ್ಲ. ಏಕೆಂದರೆ ಮಗು ಸುಧಾರಿಸಲಿ ಎಂದು ಕಾಯುವ ಕಣ್ಣಿಗೆ ಸುಧಾರಣೆ ಕಂಡೇ ಕಾಣುತ್ತದೆ.

ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನೂ ಬೇಡವೆಂದ ಫ್ಯಾರಡೆ 1867ರ ಆಗಸ್ಟ್ 25ರಂದು ತೀರಿಕೊಂಡರು. ಜಮೀನು ಅಡವಿಟ್ಟು ಯಂತ್ರದ ಚಿಕಿತ್ಸೆಗೆ ಹೊರಡುವ ಮೊದಲು, ಸುಳ್ಳು ಸುರುಳಿಯ ಜೊತೆ ಹೋಲಿಸಿ ನೋಡಿದ್ದೀರಾ ಎಂದು ಕೇಳಿ. ಅಷ್ಟರಲ್ಲಿ ಮಾತು ಕಲಿಸುವ ತರಬೇತಿ, ವರ್ತನಾ ತರಬೇತಿಗಳನ್ನು ಆದಷ್ಟು ಬೇಗ ಶುರುಮಾಡಿ.